ಉಗ್ರಾಣದ ಬಾಗಿಲಲ್ಲಿ ನಿಂತು

ತಾಯೇ ಅನ್ನಪೂರ್ಣೆ, ಮಳೆ ಹಿಡಿಯುವ ಮೊದಲು ನಿನ್ನ ಮುಂದೆ ನಮ್ಮ ಮನೆಯ ಉಗ್ರಾಣದ ಲೆಕ್ಕ ಒಪ್ಪಿಸಬೇಕಾಗಿದೆ. ಬೇರೆಯವರು ಪಾಪ ಪುಣ್ಯದ ಲೆಕ್ಕ ತರಬಹುದು. ನಾನು ತಂದಿರುವುದು ಅಕ್ಕಿ, ರಾಗಿ, ಬೇಳೆ, ಬೆಲ್ಲ, ಹುಣಸೆಹಣ್ಣು, ಉಪ್ಪಿನಕಾಯಿಯ ಲೆಕ್ಕ. ಕಾಶಿಯಲ್ಲಿ ಶಿವನೇ ನಿನ್ನೆದುರು ಭಿಕ್ಷಾಪಾತ್ರೆ ಹಿಡಿದು ನಿಂತ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಹೊರನಾಡಿನ ನಿನ್ನ ಸನ್ನಿಧಿಗೆ ಯಾರೇ ಬಂದರೂ ಎಲೆ ಮುಂದೆ ಕೂತು ಉಂಡೇ ಹೋಗುತ್ತಾರೆ. ದಿನವೂ ಅಷ್ಟು ಜನಕ್ಕೆ ಬಡಿಸುವ ನಿನಗೆ ಉಗ್ರಾಣದ ಸುಖದುಃಖ ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳಿಕೊಳ್ಳುತ್ತೇನೆ, ಬೇಡಬೇಕಾದದ್ದು ಇದೆ.

ನಾನು ಹುಟ್ಟಿದ್ದು ಅರಸೀಕೆರೆ ಸೀಮೆಯ ರಾಗಿ ಉಣ್ಣುವ ಮನೆಯಲ್ಲಿ, ಸೇರಿದ್ದು ಸಾಗರದ ಕಡೆಯ ಅಕ್ಕಿ ಉಣ್ಣುವ ಮನೆಯನ್ನು. ತವರಿನಲ್ಲಿ ಮಳೆ ಬಾರದೆ ಹೋದೀತು ಎಂಬ ಭಯಕ್ಕೆ ಕೂಡಿಡುತ್ತಿದ್ದರು, ಇಲ್ಲಿ ಮಳೆ ನಿಲ್ಲದೆ ಹೋದೀತು ಎಂಬ ಭಯಕ್ಕೆ. ಅಲ್ಲಿ ಎರಡು ವರ್ಷ ಬೆಳೆ ಕೈಕೊಟ್ಟರೂ ಒಲೆ ಹೊತ್ತಬೇಕು. ಇಲ್ಲಿ ಆರಿದ್ರೆಯಿಂದ ಶುರುವಾದ ಮಳೆ ಹೊಳೆ ತುಂಬಿಸಿ ದಾರಿ ಕಟ್ಟಿದರೂ ಒಲೆ ಹೊತ್ತಬೇಕು. ಎರಡೂ ಮನೆಯ ಹೆಂಗಸರು ಬೇರೆ ಬೇರೆ ಪಾತ್ರೆಗಳಲ್ಲಿ ಒಂದೇ ಕೆಲಸ ಮಾಡುತ್ತಿದ್ದರು. ಆ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.

ಒಬ್ಬರಿಗೆ ದಿನಕ್ಕೆ 350 ಗ್ರಾಂ ಧಾನ್ಯ ಎಂದು ಹಿಡಿದರೆ ನಾಲ್ಕು ಜನರ ಮನೆಗೆ ವರ್ಷಕ್ಕೆ ಐದು ಕ್ವಿಂಟಲ್ ದಾಟುತ್ತದೆ. ಬೇಳೆಕಾಳು ಒಬ್ಬರಿಗೆ 50 ಗ್ರಾಂ ಎಂದರೂ ವರ್ಷಕ್ಕೆ 73 ಕಿಲೋ. ಇದರಲ್ಲಿ ಹಬ್ಬ ಸೇರಿಲ್ಲ, ನೆಂಟರು ಸೇರಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದು ಜಗುಲಿಯಲ್ಲಿ ಕೂರುವವರು ಸೇರಿಲ್ಲ. ತಂದು ಸುರಿಯುವುದು ಒಂದು ದಿನದ ಕೆಲಸ, ಸುರಿದದ್ದು ಕೆಡದಂತೆ ನೋಡಿಕೊಳ್ಳುವುದು ಇಡೀ ವರ್ಷದ್ದು. ದುಡ್ಡನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬಹುದು, ಧಾನ್ಯವನ್ನು ಹಾಗೆ ಮರೆಯುವಂತಿಲ್ಲ. ಅದು ಒಳಗೆ ಉಸಿರಾಡುತ್ತಿರುತ್ತದೆ, ಅದರ ಜೊತೆ ಹುಳುವೂ ಬೂಸ್ಟೂ ಉಸಿರಾಡುತ್ತಿರುತ್ತವೆ.

ಆದ್ದರಿಂದ ಮೊದಲು ಬಿಸಿಲನ್ನು ಬೇಡುತ್ತೇನೆ. ಕಾಳಿನಲ್ಲಿ ತೇವ ಶೇಕಡಾ 12ರ ಆಸುಪಾಸಿಗೆ ಇಳಿದರೆ ಅದು ದೀರ್ಘಕಾಲ ನಿಲ್ಲುತ್ತದೆ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಹಲ್ಲಿದೆ. ಕಾಳು ಕಚ್ಚಿದಾಗ ಕಟಕ್ಕೆಂದು ಒಡೆಯಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ ಇನ್ನೊಂದು ಬಿಸಿಲು ಬೇಕು. ಒಣಗಿದ ಮೇಲೂ ಆತುರ ಪಡುವಂತಿಲ್ಲ. ಅಂಗಳದ ಕಾವು ಇರುವಾಗಲೇ ತುಂಬಿ ಮುಚ್ಚಿದರೆ ಡ್ರಮ್ಮಿನೊಳಗೆ ಬೆವರೊಡೆದು ಮೇಲಿನ ಪದರ ಮುಗ್ಗುತ್ತದೆ. ಸಂಜೆ ನೆರಳಿಗೆ ಎಳೆದು, ಆರಿಸಿ, ಮರುದಿನ ಕೈಯಾಡಿಸಿ ತಣ್ಣಗಿದೆ ಎಂದು ಗೊತ್ತಾದ ಮೇಲೆ ತುಂಬಬೇಕು. ನೆಲಗಡಲೆ, ಮೆಕ್ಕೆಜೋಳದ ವಿಷಯದಲ್ಲಂತೂ ಸ್ವಲ್ಪವೂ ಸಡಿಲ ಬಿಡುವಂತಿಲ್ಲ. ಅವುಗಳಿಗೆ ಹಿಡಿಯುವ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು, ಅದು ಯಕೃತ್ತನ್ನು ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. ಬೂಸ್ಟು ಹಿಡಿದದ್ದನ್ನು ತೊಳೆದು ಬಳಸುವ ಉಳಿತಾಯ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಬಾರದಿರಲಿ, ತಾಯೇ.

ಇನ್ನು ರಾಗಿ. ಅದರ ಮುಂದೆ ನಾನು ಕೈಮುಗಿದೇ ಮಾತಾಡುತ್ತೇನೆ. ಸೊಂಡಿಲು ಹುಳು ಅಕ್ಕಿಯ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು, ತಿಂಗಳು ಕಳೆಯುವಷ್ಟರಲ್ಲಿ ಡಬ್ಬದ ತುಂಬ ಹುಳು. ರಾಗಿಯ ಕಾಳಿನಲ್ಲಿ ಆ ಮರಿ ಬೆಳೆಯಲು ಜಾಗವೇ ಇಲ್ಲ. ಅಷ್ಟು ಚಿಕ್ಕದಾಗಿ ಹುಟ್ಟಿಸಿದ್ದೀಯಲ್ಲ, ಅದೇ ನಮ್ಮ ಬಯಲುಸೀಮೆಯ ಜನರನ್ನು ಕಾಪಾಡಿದ್ದು. ಚೆನ್ನಾಗಿ ಒಣಗಿದ ರಾಗಿ ಹತ್ತು ವರ್ಷ ಇಟ್ಟರೂ ಹಿಟ್ಟಾಗುತ್ತದೆ, ಮುದ್ದೆಯಾಗುತ್ತದೆ.

ಅದಕ್ಕೆಂದೇ ಹಗೇವು ಇದ್ದವು. ಊರಿನಲ್ಲಿ ನೀರು ನಿಲ್ಲದ ಎತ್ತರದ ಗಟ್ಟಿ ನೆಲ ನೋಡಿ ತೋಡುತ್ತಿದ್ದರು. ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಹೋದಂತೆ ಹೊಟ್ಟೆ ಅಗಲ. ಗೋಡೆಗೂ ತಳಕ್ಕೂ ಒಣಹುಲ್ಲು ಒತ್ತಾಗಿ ಕೊಟ್ಟು, ಪಲ್ಲಗಟ್ಟಲೆ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲುಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಮುಗಿಯಿತು. ಒಳಗಿದ್ದ ಗಾಳಿಯನ್ನು ಕಾಳೂ ಹುಳುವೂ ಉಸಿರಾಡಿ ಮುಗಿಸುತ್ತವೆ. ಆಮೇಲೆ ಅಲ್ಲಿ ಹುಳು ಬದುಕದು. ಔಷಧಿ ಇಲ್ಲ, ಪುಡಿ ಇಲ್ಲ, ಬಾಯಿ ಭದ್ರವಾಗಿದ್ದರೆ ಸಾಕು.

ಆದರೆ ಹುಳು ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ. ಹಗೇವು ತೆಗೆದ ದಿನವೇ ಯಾರೂ ಇಳಿಯುತ್ತಿರಲಿಲ್ಲ. ಚಪ್ಪಡಿ ಸರಿಸಿ, ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಇನ್ನೂ ಕಾಯಬೇಕು ಎಂದರ್ಥ. ಅವಸರ ಮಾಡಿ ಇಳಿದು ಮೇಲೆ ಬಾರದೆ ಹೋದವರ ಮಾತು ನಮ್ಮ ಕಡೆ ಹಲವು ಊರುಗಳಲ್ಲಿ ಕೇಳಿಬರುತ್ತದೆ. ದೀಪ ನಿಂತ ಮೇಲೆ ಸಪೂರ ಮೈಯ ಹುಡುಗನೊಬ್ಬ ಇಳಿದು ಮಂಕರಿ ತುಂಬಿ ಕೊಡುತ್ತಿದ್ದ. ಗೋಡೆಗೆ ತಾಗಿದ ಒಂದು ಗೇಣು ರಾಗಿ ಕಪ್ಪಾಗಿ, ಹೆಂಟೆಗಟ್ಟಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು, ಅದನ್ನು ಬೇರೆ ತೆಗೆಯುತ್ತಿದ್ದರು. ನಡುವಿನದು ನಿನ್ನೆ ಕಣದಲ್ಲಿ ತೂರಿ ತಂದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಇಡೀ ಕೇರಿಗೆ ಹಗೇವಿನ ವಾಸನೆ ಹರಡುತ್ತಿತ್ತು. ಯಾರ ಹಗೇವು ತೆಗೆದರು ಎಂಬುದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡು ತಾಯಿ, ಮುಂದೆ ಇದಕ್ಕೆ ಬರುತ್ತೇನೆ.

ಕನಕದಾಸರು ರಾಮಧಾನ್ಯಚರಿತೆ ಬರೆದದ್ದು ಹದಿನಾರನೆಯ ಶತಮಾನದಲ್ಲಿ. ಅದನ್ನು ನಾವು ಮೇಲುಕೀಳಿನ ಜಗಳವಾಗಿ ಓದುತ್ತೇವೆ, ಹಾಗೆ ಓದುವುದೂ ಸರಿಯೇ. ನರೆದಲೆಗ ಮತ್ತು ವ್ರೀಹಿ, ಅಂದರೆ ರಾಗಿ ಮತ್ತು ಭತ್ತ, ನಾನು ಹೆಚ್ಚು ತಾನು ಹೆಚ್ಚು ಎಂದು ರಾಮನ ಮುಂದೆ ಜಗಳಕ್ಕೆ ನಿಂತಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ಹೇಳಿದ. ಆರು ತಿಂಗಳ ಮೇಲೆ ತೆಗೆಸಿದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಮುಟ್ಟಾಗಿತ್ತು. ಉಗ್ರಾಣ ಕಾಯುವ ನನಗೆ ಇದರಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ. ಧಾನ್ಯದ ಯೋಗ್ಯತೆಯನ್ನು ಕನಕದಾಸರು ಬಡಿಸಿದ ದಿನದ ರುಚಿಯಿಂದ ಅಳೆಯಲಿಲ್ಲ, ಕತ್ತಲ ಕೋಣೆಯಲ್ಲಿ ಮುಚ್ಚಿಟ್ಟ ಮೇಲೆ ಏನು ಉಳಿಯಿತು ಎಂಬುದರಿಂದ ಅಳೆದರು. ಬರ ಕಂಡ ನಾಡಿನ ಕವಿಗೆ ಮಾತ್ರ ಹೊಳೆಯುವ ಪರೀಕ್ಷೆ ಅದು.

ಬರದ ಮಾತು ಬಂತು. ಧಾತು, ಈಶ್ವರ ಸಂವತ್ಸರಗಳ ಕ್ಷಾಮವನ್ನು, 1876ರಿಂದ 78ರವರೆಗಿನ ಆ ಕಾಲವನ್ನು ನೀನು ಹೇಗೆ ನೋಡಿಕೊಂಡು ಕೂತೆ ಎಂದು ಕೇಳುವ ಧೈರ್ಯ ನನಗಿಲ್ಲ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ, 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ರೈಲು ಆಗ ಬೆಂಗಳೂರಿನವರೆಗೆ ಮಾತ್ರ ಇತ್ತು. ಅಲ್ಲಿಂದ ಮುಂದಕ್ಕೆ ಧಾನ್ಯ ಸಾಗಿಸಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸತ್ತಿದ್ದವು. ಪರಿಹಾರ ಕಾಮಗಾರಿಯಲ್ಲಿ ಗೇಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದು ಆಣೆ ಕೂಲಿ ಸಾಕು ಎಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಲೆಕ್ಕ ಹಾಕಿದ. ಒಂದು ಪೌಂಡು ಎಂದರೆ 450 ಗ್ರಾಮಿನಷ್ಟು, ಕಲ್ಲು ಮಣ್ಣು ಹೊರುವ ಮೈಗೆ. ಅದೇ ವರ್ಷಗಳಲ್ಲಿ ಹಿಂದೂಸ್ಥಾನದಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು.

ಮೊದಲು ಸತ್ತವರು ಕೂಲಿಯವರು, ನೇಕಾರರು, ಕೈಕಸುಬಿನವರು. ದಿನದ ಕೂಲಿಯಲ್ಲಿ ದಿನದ ಕಾಳು ಕೊಳ್ಳುತ್ತಿದ್ದವರಿಗೆ ಹಗೇವು ಎಲ್ಲಿಂದ ಬರಬೇಕು? ಹಗೇವು ಇದ್ದವರಲ್ಲಿ ತೆಗೆದು ಹಂಚಿದವರಿದ್ದರು, ಬೆಲೆ ಏರಲಿ ಎಂದು ಚಪ್ಪಡಿಯ ಮೇಲೆ ಕೂತವರೂ ಇದ್ದರು. ಎರಡು ಹಗೇವುಗಳನ್ನೂ ಒಂದೇ ಗುದ್ದಲಿಯಿಂದ ತೋಡಿದ್ದರು, ಒಳಗಿದ್ದದ್ದೂ ಒಂದೇ ರಾಗಿ. ನಾನು ನಿನ್ನ ಮುಂದೆ ನಿಂತಿರುವುದು ಈ ಕಾರಣಕ್ಕೆ. ಕೂಡಿಡುವ ಕಲೆ ನನಗೆ ಎರಡೂ ಮನೆಯ ಅಮ್ಮಂದಿರಿಂದ ಬಂದಿದೆ, ಅದಕ್ಕಾಗಿ ನಿನ್ನನ್ನು ಪೀಡಿಸುವುದಿಲ್ಲ. ತೆರೆಯುವ ಕೈಯನ್ನು ಬೇಡುತ್ತಿದ್ದೇನೆ.

ಅಷ್ಟರೊಳಗೆ ಈ ಮಲೆನಾಡಿನ ಉಗ್ರಾಣವನ್ನೂ ತೋರಿಸಿಬಿಡುತ್ತೇನೆ. ಇಲ್ಲಿ ಅಟ್ಟ, ಭತ್ತ ತುಂಬಿಡುವ ಪಣತ, ಭರಣಿಗಳ ರಾಜ್ಯ. ನನ್ನ ಅತ್ತೆಯವರಿಗೆ ವರ್ಷ ಶುರುವಾಗುತ್ತಿದ್ದದ್ದೇ ಅಪ್ಪೆಮಿಡಿಯಿಂದ. ಮಿಡಿಯನ್ನು ಕೋಲಿನಿಂದ ಬಡಿದು ಉದುರಿಸುವಂತಿಲ್ಲ. ಮರ ಹತ್ತಿದವರು ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ತುಂಬಿ, ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ತೊಟ್ಟಿನಲ್ಲಿರುವ ಸೊನೆಯೇ ಪರಿಮಳ, ಅದೇ ಕಾವಲು. ತೊಳೆದು, ನೀರಿನ ಪಸೆ ಆರಿಸಿ, ತೊಟ್ಟನ್ನು ಚೂರು ಉಳಿಸಿ ಮುರಿದು, ಒಂದು ಪದರ ಮಿಡಿ ಒಂದು ಪದರ ಹರಳುಪ್ಪು ಹಾಕುತ್ತ ಭರಣಿ ತುಂಬುತ್ತಾರೆ. ಮೇಲೆ ಭಾರಕ್ಕೆ ತೊಳೆದ ಹೊಳೆಗಲ್ಲು. ಉಪ್ಪು ಮಿಡಿಯ ನೀರನ್ನೆಲ್ಲ ಹೊರಗೆಳೆಯುತ್ತದೆ, ಕೆಲವು ವಾರಗಳಲ್ಲಿ ಮಿಡಿ ಚಿರುಟಿ ಉಪ್ಪುನೀರಿನಲ್ಲಿ ಮುಳುಗಿರುತ್ತದೆ. ಮುಳುಗಿಯೇ ಇರಬೇಕು, ತಲೆಯೆತ್ತಿದ್ದಕ್ಕೆ ಬೂಸ್ಟು. ಆಮೇಲೆ ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರಾ ತಣಿಸಿ, ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನ ಬೀಸಿದ್ದನ್ನು ಅದರಲ್ಲೇ ಕಲಸಿ ಮಿಡಿಗೆ ಸೇರಿಸುತ್ತಾರೆ. ಒಂದು ಹನಿ ಹಸಿನೀರು ಸೋಕಬಾರದು. ಭರಣಿಯ ಬಾಯಿಗೆ ಬಿಳಿಬಟ್ಟೆ ಕಟ್ಟುವಾಗ ಅತ್ತೆ ಮಾತಾಡುತ್ತಿರಲಿಲ್ಲ. ಅವರ ಬೆರಳುಗಳಿಗೆ ಸೊನೆ ತಾಗಿ ಸಿಪ್ಪೆ ಎದ್ದಿರುತ್ತಿತ್ತು. ಹಾಗೆ ಹಾಕಿದ ಉಪ್ಪಿನಕಾಯಿ ಮೂರು ಮಳೆಗಾಲ ಕಳೆದರೂ ಕಚ್ಚಿದರೆ ಕಟಂ ಎನ್ನುತ್ತದೆ.

ಅಪ್ಪೆಮಿಡಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ ಮರಗಳು ಹೊಳೆದಂಡೆಯವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಶರಾವತಿ ಕಣಿವೆಯ ಊರುಗಳ ಜೊತೆ ದಂಡೆಯ ಮರಗಳೂ ನೀರಿನಡಿ ಹೋದವು. ಗದ್ದೆ ಬಿಟ್ಟು, ಮನೆ ಬಿಟ್ಟು ಲಾರಿ ಹತ್ತಿದವರು ಭರಣಿಗಳನ್ನು ಮಡಿಲಲ್ಲಿಟ್ಟುಕೊಂಡು ಹೋದರು ಎಂದು ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಉಳಿದ ಮರಗಳನ್ನು ಕಾಪಾಡು. ಕೊಂಬೆ ಕಡಿದು ಮಿಡಿ ಕೊಯ್ಯುವ ಕೈಗಳಿಗೆ ಬುದ್ಧಿ ಕೊಡು. ಒಂದು ವರ್ಷದ ಆಸೆಗೆ ನೂರು ವರ್ಷದ ಮರ ಹೋಗುತ್ತಿದೆ.

ಮಿಕ್ಕದ್ದನ್ನು ಬೇಗ ಹೇಳುತ್ತೇನೆ, ನಿನಗೆ ತಿಳಿಯದ್ದೇನಲ್ಲ. ಹಲಸಿನ ಸೊಳೆ ಉಪ್ಪಿನಲ್ಲಿದೆ, ಆಷಾಢದಲ್ಲಿ ರೊಟ್ಟಿಗೂ ಪಲ್ಯಕ್ಕೂ ಬರುತ್ತದೆ. ಹಪ್ಪಳ, ಸಂಡಿಗೆ, ಬಾಳ್ಕದ ಮೆಣಸು ಡಬ್ಬಕ್ಕೆ ಹೋಗಿವೆ. ಮುರುಗಲ ಸಿಪ್ಪೆ, ವಾಟೆಹುಳಿ ಒಣಗಿವೆ. ಹುಣಸೆಯನ್ನು ಬೀಜ ತೆಗೆದು, ಉಪ್ಪು ಬೆರೆಸಿ, ಮಣ್ಣಿನ ಗಡಿಗೆಗೆ ಒತ್ತಿದ್ದೇನೆ. ಜೋನಿಬೆಲ್ಲದ ಡಬ್ಬಕ್ಕೆ ಇರುವೆ ಹತ್ತದ ಹಾಗೆ ತಟ್ಟೆಯಲ್ಲಿ ನೀರಿಟ್ಟಿದ್ದೇನೆ. ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ಸಾಲಾಗಿ ಇಳಿಬಿಟ್ಟಿದ್ದೇನೆ, ಒಂದಕ್ಕೊಂದು ತಾಗದಂತೆ.

ಬೇಳೆಕಾಳಿನ ಚಿಂತೆ ಬೇರೆ ಥರದ್ದು. ಅವರೆ, ಹೆಸರು, ಅಲಸಂದೆ, ಕಡಲೆಗೆ ಬೀಳುವ ದುಂಬಿ ಕಾಳಿನ ಮೈಮೇಲೆ ಮೊಟ್ಟೆ ಅಂಟಿಸುತ್ತದೆ. ಬಿಳಿ ಚುಕ್ಕೆಯಾಗಿ ಕಣ್ಣಿಗೆ ಕಾಣುತ್ತದೆ. ಹೊಲದಲ್ಲೇ ಕಾಯಿಗೆ ಅಂಟಿಕೊಂಡು ಕಾಳಿನ ಜೊತೆ ಮನೆಗೆ ಬರುವುದೂ ಉಂಟು. ಹರಳೆಣ್ಣೆ ಸವರುವುದು ಇದಕ್ಕೇ. ಕಿಲೋಗೆ ಒಂದು ಚಮಚದಷ್ಟು ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಕಾಳನ್ನು ತಿಕ್ಕಿದರೆ ಮೊಟ್ಟೆಗೆ ಗಾಳಿ ಸಿಗುವುದಿಲ್ಲ. ತವರಿನಲ್ಲಿ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದರು, ಬೀಜದ ಅವರೆಗೆ ಒಲೆಯ ಬೂದಿ ಬೆರೆಸುತ್ತಿದ್ದರು. ಸೋರೆಬುರುಡೆಯಲ್ಲಿ ಬೀಜ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಒಲೆಯ ಮೇಲೆ ಹೊಗೆ ತಾಗುವಲ್ಲಿ ಕಟ್ಟುತ್ತಿದ್ದರು. ಊಟದ ರಾಗಿ ಮುಗಿದು ಗಂಜಿಗೆ ಬಂದರೂ ಆ ಬುರುಡೆಗೆ ಕೈ ಹಾಕುತ್ತಿರಲಿಲ್ಲ. ಬೀಜವನ್ನು ಉಣ್ಣುವ ದಿನ ಯಾರ ಮನೆಗೂ ಬಾರದಿರಲಿ.

ಈ ಎಲ್ಲದರ ಹಿಂದೆ ಇರುವ ಸೊಂಟನೋವಿನ ಲೆಕ್ಕವನ್ನೂ ಒಪ್ಪಿಸಬೇಕು. ಕೇರುವುದು, ಒನೆಯುವುದು, ಜರಡಿ ಹಿಡಿಯುವುದು, ಮೋಡ ಕವಿದಾಗ ಅಂಗಳಕ್ಕೆ ಓಡುವುದು ಹೆಂಗಸರ ಪಾಲಿಗೇ ಬಂದಿತ್ತು. ಪಣತದ ಬೀಗದ ಕೈ ಮಾತ್ರ ಎಷ್ಟೋ ಮನೆಗಳಲ್ಲಿ ಅವರ ಸೊಂಟಕ್ಕೆ ಬರಲಿಲ್ಲ. ಒಣಗಿಸಿದವಳು ಒಂದು ಸೇರು ತೆಗೆಯಲು ಇನ್ನೊಬ್ಬರ ಮುಖ ನೋಡಬೇಕಿತ್ತು. ಅದು ತಪ್ಪು, ಅಮ್ಮ. ಉಗ್ರಾಣವನ್ನು ಹೊಗಳುವಾಗ ನಾವು ಇದನ್ನು ಮುಚ್ಚಿಡಬಾರದು. ನನ್ನ ಮನೆಯಲ್ಲಿ ಮಗ ಅಂಗಳದಲ್ಲಿ ರಾಗಿ ಕೆದಕುತ್ತಾನೆ, ಗಂಡ ಬೇಳೆಗೆ ಎಣ್ಣೆ ಸವರುತ್ತಾರೆ, ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ.

ಈಗ ನನ್ನನ್ನು ನಿದ್ದೆಯಲ್ಲೂ ಬಿಡದ ಮಾತಿಗೆ ಬರುತ್ತೇನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಹೆಂಡತಿ ಲಕ್ಕಮ್ಮ ಅದರಲ್ಲೇ ಅಟ್ಟು ದಾಸೋಹ ನಡೆಸುತ್ತಿದ್ದಳು. ಒಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಹೆಚ್ಚಿನದು ಆಸೆಯ ಅಕ್ಕಿ, ತೆಗೆದುಕೊಂಡು ಹೋಗಿ ಆಯ್ದ ಜಾಗದಲ್ಲೇ ಸುರಿದು ಬಾ ಎಂದಳು. ಅವನು ಹೋಗಿ ಸುರಿದು ಬಂದ.

ಐದು ಕ್ವಿಂಟಲ್ ಧಾನ್ಯ ಇಟ್ಟುಕೊಂಡಿರುವ ನಾನು ಈ ತಾಯಿಗೆ ಏನು ಉತ್ತರ ಕೊಡಲಿ? ನಾಳೆಯ ಅಕ್ಕಿಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದವಳ ಮುಂದೆ ವರ್ಷದ ಅಕ್ಕಿ ತೋರಿಸುವುದು ಹೇಗೆ? ಬಹಳ ಯೋಚಿಸಿ ಒಂದು ಉತ್ತರಕ್ಕೆ ಬಂದಿದ್ದೇನೆ, ಸರಿಯೋ ತಪ್ಪೋ ನೀನೇ ಹೇಳು. ಮಹಾಮನೆಯಲ್ಲಿ ದಿನವೂ ಅಕ್ಕಿ ಚೆಲ್ಲುವಷ್ಟು ಅಡುಗೆ ನಡೆಯಬೇಕಾದರೆ ಅಲ್ಲೊಂದು ಉಗ್ರಾಣ ಇದ್ದೇ ಇರಬೇಕು. ಕೂಡಿಟ್ಟ ಮನೆಯೊಂದು ಬಾಗಿಲು ತೆರೆದಿದ್ದರಿಂದ ಲಕ್ಕಮ್ಮ ಕೂಡಿಡದೆ ಬದುಕಬಹುದಿತ್ತು. ಊರಿನ ಉಗ್ರಾಣ, ಊರಿನ ಕಣಜ ಎಲ್ಲರಿಗೂ ತೆರೆದಿದ್ದರೆ ನನ್ನ ಮನೆಯ ಡ್ರಮ್ಮಿನ ಅಗತ್ಯವೇನು? ಅಂಥ ಊರು ಬರುವ ತನಕ ನನ್ನ ಮನೆಯಲ್ಲಿ ಇರುವುದನ್ನು ನಾನೊಂದು ಚಿಕ್ಕ ಮಹಾಮನೆಯ ಲೆಕ್ಕದಲ್ಲಿ ಇಡಬೇಕು. ಬರೀ ನಾಲ್ವರಿಗೆ ಎಂದು ಇಟ್ಟರೆ ಲಕ್ಕಮ್ಮ ಹೇಳಿದ ಆಸೆಯ ಅಕ್ಕಿ ಅದೇ.

ನಮ್ಮ ಹಿಂದಿನವರು ಇದನ್ನು ಕಣದಲ್ಲೇ ಮಾಡುತ್ತಿದ್ದರು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದರು. ರಾಶಿ ಮನೆ ಸೇರುವ ಮುಂಚೆ ಕಮ್ಮಾರ, ಬಡಗಿ, ಅಗಸ, ನೀರಗಂಟಿ, ತಳವಾರರಿಗೆ ಆಯ ಸಲ್ಲುತ್ತಿತ್ತು, ಕಣಕ್ಕೆ ಬಂದ ದಾಸಯ್ಯನಿಗೂ ಒಂದು ಮೊರ ಬೀಳುತ್ತಿತ್ತು. ಆ ಏರ್ಪಾಟಿನಲ್ಲಿ ಅನ್ಯಾಯ ಬೇಕಾದಷ್ಟಿತ್ತು. ಹೊಲ ಉತ್ತು ಬೆಳೆದ ಎಷ್ಟೋ ಜನ ಕಣದ ಅಂಚಿನಲ್ಲಿ ಕಾಯುತ್ತ ನಿಲ್ಲಬೇಕಿತ್ತು. ಅದು ಮರಳಿ ಬರುವುದು ಬೇಡ. ಆದರೆ ರಾಶಿ ಪೂರ್ತಿ ನನ್ನದಲ್ಲ ಎಂಬ ಮಾತನ್ನು ಕಣ ಮರೆಯಲು ಬಿಡುತ್ತಿರಲಿಲ್ಲ. ಹಗೇವಿನ ವಾಸನೆಯೂ ಹಾಗೆಯೇ, ತೆಗೆದದ್ದನ್ನು ಕೇರಿಗೆ ಹೇಳಿಬಿಡುತ್ತಿತ್ತು. ನನ್ನ ಡ್ರಮ್ಮಿನಿಂದ ವಾಸನೆ ಬರುವುದಿಲ್ಲ. ಪಕ್ಕದ ಮನೆಗೆ ಕೇಳಿಸದಂತೆ ಮುಚ್ಚಳ ತೆಗೆದು ಮುಚ್ಚಬಹುದು. ಅದೇ ನನ್ನ ಭಯ.

2020ರ ಮಾರ್ಚ್ 24ರ ರಾತ್ರಿ ಕೊರೊನಾಕ್ಕೆ ಹೆದರಿ ದೇಶಕ್ಕೆ ಬೀಗ ಬಿತ್ತು. ಆ ವಾರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಸಾಲುಗಳನ್ನು ನೀನೂ ನೋಡಿದ್ದೀಯೆ. ಉಗ್ರಾಣವಿದ್ದ ಮನೆಯವರು ಆ ಸಾಲಿನಲ್ಲಿ ನಿಲ್ಲಬೇಕಾಗಲಿಲ್ಲ, ಅವರು ಬಿಟ್ಟ ಜಾಗ ಇಲ್ಲದವರಿಗೆ ಸಿಕ್ಕಿತು. ಗಾಬರಿಯಲ್ಲಿ ಕಾರು ತುಂಬ ಎಣ್ಣೆ, ಹಿಟ್ಟು ತುಂಬಿಕೊಂಡು ಹೋದವರನ್ನೂ ನೋಡಿದೆವು. ಸುಗ್ಗಿಯಲ್ಲಿ, ಎಲ್ಲರಿಗೂ ಹೇರಳವಾಗಿ ಸಿಗುವಾಗ, ನಿಧಾನವಾಗಿ ಇಟ್ಟುಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಅಭಾವದ ದಿನ ಬಾಚಿಕೊಂಡರೆ ಅದು ಇನ್ನೊಬ್ಬರ ಎಲೆಯಿಂದ ಬಂದದ್ದು. ಕೂಡಿಡುವುದಕ್ಕೂ ಕಾಲವಿದೆ, ಆ ಕಾಲ ತಪ್ಪಿದ ಮೇಲೆ ನನ್ನ ಕೈ ಚಾಚದಂತೆ ಹಿಡಿ.

ಬೆಂಗಳೂರಿನಲ್ಲಿರುವ ಮಗಳಿಗೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಸಾಮಾನು ಬರುತ್ತದೆ. ಅವಳ ಅಡುಗೆಮನೆಯಲ್ಲಿ ಒಂದು ವಾರದ ಅಕ್ಕಿಯೂ ಇರುವುದಿಲ್ಲ. ಬಾಡಿಗೆ ಮನೆಯಲ್ಲಿ ಡ್ರಮ್ಮಿಗೆ ಜಾಗವೆಲ್ಲಿ ಎನ್ನುತ್ತಾಳೆ, ಅವಳ ಮಾತು ಸುಳ್ಳಲ್ಲ. ಹತ್ತು ಕಿಲೋ ರಾಗಿ, ಐದು ಕಿಲೋ ಬೇಳೆ, ಒಂದು ಭರಣಿ ಮಿಡಿಗೆ ಮಂಚದ ಕೆಳಗೆ ಜಾಗವಿದೆ ಎಂದು ಹೇಳಿ ಕಳಿಸಿದ್ದೇನೆ. ಹೊಸದನ್ನು ಹಿಂದೆ ಇಡು, ಹಳೆಯದನ್ನು ಮೊದಲು ಬಳಸು, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಮೂಗು ಹಾಕು, ಒದ್ದೆ ಸೌಟು ಅದ್ದಬೇಡ, ಅಷ್ಟು ಸಾಕು. ಅವಳಿಗೆ ಆ ತಾಳ್ಮೆ ಕೊಡು ತಾಯೇ. ಅದು ನನ್ನಿಂದ ಹೋಗುವಂಥದ್ದಲ್ಲ, ನಿನ್ನಿಂದ ಹೋಗಬೇಕು.

ಈಗ ನನ್ನ ಬೇಡಿಕೆ. ಮಳೆಗೆ ಮುಂಚೆ ಇನ್ನು ಕೆಲವು ಬಿಸಿಲು ಕೊಡು, ಕೊನೆಯ ಚೀಲ ಭತ್ತ ಅಂಗಳದಲ್ಲಿದೆ. ಮುಗ್ಗಲು ಎಲ್ಲಿ ಹುಟ್ಟಿದರೂ ಮೊದಲ ದಿನವೇ ನನ್ನ ಮೂಗಿಗೆ ಬಡಿಯಲಿ. ಇಲಿಗೂ ಹೊಟ್ಟೆಯಿದೆ, ಬಲ್ಲೆ. ಅದರ ಪಾಲು ಗದ್ದೆಯಲ್ಲೇ ಸಿಗಲಿ, ಪಣತದ ತನಕ ಬಾರದಿರಲಿ. ಪಡಿತರದ ಅಕ್ಕಿಯಲ್ಲಿ ತಿಂಗಳು ದೂಡುವ ಮನೆಗಳಲ್ಲಿ ಅದು ತಿಂಗಳ ಕೊನೆಯ ದಿನದವರೆಗೂ ಬರಲಿ, ಅದನ್ನು ತೂಗುವ ತಕ್ಕಡಿ ನೆಟ್ಟಗಿರಲಿ. ಆಯ್ದಕ್ಕಿ ಲಕ್ಕಮ್ಮನನ್ನು ನಮ್ಮ ಉಗ್ರಾಣದ ಹೊಸ್ತಿಲ ಮೇಲೆ ಕೂರಿಸು, ನಾನು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವಳನ್ನು ದಾಟಿಯೇ ಹೋಗಬೇಕು.

ಒಂದು ದಿನ ಯಾರೋ ಬಂದು ಸೇರು ರಾಗಿ ಕೇಳುತ್ತಾರೆ. ಹಿಂದಿರುಗಿಸುತ್ತೇನೆ ಎಂದು ಹೇಳಿಯೇ ಕೇಳುತ್ತಾರೆ, ಕೇಳುವ ಮೊದಲು ಬಾಗಿಲಲ್ಲಿ ಬಹಳ ಹೊತ್ತು ಬೇರೆ ಮಾತಾಡುತ್ತಾರೆ. ಆಗ ಸೇರಿನ ಬಾಯಿಯನ್ನು ಅಂಗೈಯಿಂದ ಮಟ್ಟ ಮಾಡದೆ ಶಿಖರವಾಗಿ ತುಂಬಿ ಸುರಿಯುವಂತೆ ಮಾಡು. ಬೀಗದ ಕೈ ಎಲ್ಲಿಟ್ಟೆನೋ ಎಂದು ಹುಡುಕುವ ನೆಪ ನನ್ನ ಬಾಯಿಗೆ ಬಾರದಂತೆ ಮಾಡು, ತಾಯೇ.